ಹನ್ನೆರಡು ಶವಗಳಿಗೆ ಹೆಸರು ಸಿಗದೆ ಹೋದದ್ದೇಕೆ?

ಪಂಪ್‌ವೆಲ್: ಇಲ್ಲಿ ನಿಂತರೆ ಒಂದು ಬಸ್ಸು ತೊಕ್ಕೊಟ್ಟು ದಾಟಿ ಕಾಸರಗೋಡಿಗೆ, ಎದುರು ದಿಕ್ಕಿನದು ನಂತೂರು ಹತ್ತಿ ಕೂಳೂರಿಗೆ. 2010ರ ಮೇ 22ರ ವಿಮಾನ ದುರಂತದ ದುಃಖವೂ ಇದೇ ರಸ್ತೆಯ ಎರಡು ತುದಿಗೆ ಹಂಚಿಹೋಗಿದೆ. ಸತ್ತವರಲ್ಲಿ ಕಾಸರಗೋಡು ಕಡೆಯವರು ಅನೇಕರು. ಗುರುತು ಸಿಗದ 12 ಮಂದಿ ಮಣ್ಣಾದದ್ದು ಕೂಳೂರು ಬಳಿ, ಫಲ್ಗುಣಿ ತೀರದಲ್ಲಿ.

"ಡಿ.ಎನ್.ಎ. ಮಾಡಿಸಿದ್ದಾರಲ್ಲ ಮಾರಾಯ್ರೆ, ಮತ್ತೆ ಯಾಕೆ ಸಿಗಲಿಲ್ಲ?" ಎಂದು ಕೇಳುವವರು ಇಂದಿಗೂ ಉಂಟು. ನ್ಯಾಯವಾದ ಪ್ರಶ್ನೆಯೇ.

ದುಬೈಯಿಂದ ಬಂದ ಆ ವಿಮಾನದಲ್ಲಿದ್ದವರು 166 ಜನ. ಬಜಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರಿದಾಗ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಶವಗಳು ಮುಖ ನೋಡಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆದರೂ ಬಟ್ಟೆಬರೆ, ಮೈಮೇಲಿನ ವಸ್ತು ನೋಡಿ ಬಂಧುಗಳು ಒಂದೊಂದಾಗಿ ಕೊಂಡುಹೋದರು. ಕೊನೆಗೆ ಉಳಿದದ್ದು 22. ಇವುಗಳ ಮಾದರಿ, ಜೊತೆಗೆ ಬಂಧುಗಳ ರಕ್ತ, ಹೈದರಾಬಾದಿನ ಸಿ.ಡಿ.ಎಫ್.ಡಿ. ಪ್ರಯೋಗಾಲಯಕ್ಕೆ ಹೋಯಿತು.

ಲ್ಯಾಬಿನಲ್ಲಿ ನಡೆಯುವುದೇನು?

ಮನುಷ್ಯನ ಜೀವಕೋಶದೊಳಗೆ ಡಿ.ಎನ್.ಎ. ಎಂಬ ಉದ್ದನೆಯ ಎಳೆಯುಂಟು. ಅರ್ಧ ತಾಯಿಯದು, ಅರ್ಧ ತಂದೆಯದು. ಈ ಎಳೆಯ ಕೆಲವು ಕಡೆ ಒಂದೇ ಚಿಕ್ಕ ತುಂಡು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಲ್ಯಾಬಿನವರು ಎಣಿಸುವುದು ಇದನ್ನೇ.

ಸುಟ್ಟ ದೇಹದಲ್ಲೂ ಹಲ್ಲು, ಗಟ್ಟಿ ಎಲುಬಿನೊಳಗೆ ಡಿ.ಎನ್.ಎ. ಉಳಿದಿರಬಹುದು. ಅದನ್ನು ಬೇರ್ಪಡಿಸಿ, ಯಂತ್ರದಲ್ಲಿಟ್ಟು ಪ್ರತಿ ಮಾಡುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 28 ಸುತ್ತು ಮುಗಿಯುವಾಗ ಲೆಕ್ಕದ ಪ್ರಕಾರ 26 ಕೋಟಿ ದಾಟುತ್ತದೆ! ಆಮೇಲೆ ಕೂದಲೆಳೆಯಂಥ ಕೊಳವೆಯಲ್ಲಿ ವಿದ್ಯುತ್ತಿನಿಂದ ಓಡಿಸಿದರೆ ಗಿಡ್ಡ ತುಂಡು ಮುಂದೆ, ಉದ್ದ ತುಂಡು ಹಿಂದೆ. ಅದರಿಂದ ಅಂಕಿ ಸಿಕ್ಕಿತು.

ತಂದೆಯ ಅಂಕಿ 14, 17. ತಾಯಿಯದು 12, 15 ಎಂದಿಟ್ಟುಕೊಳ್ಳಿ. ಮಗನಲ್ಲಿ ಒಂದು ತಂದೆಯದು, ಒಂದು ತಾಯಿಯದು ಇರಲೇಬೇಕು. 14, 15 ಆದರೆ ಸರಿ. 11, 18 ಆದರೆ ತಾಳೆಯಿಲ್ಲ. ಹೀಗೆ ಹತ್ತು ಹದಿನೈದು ಕಡೆ ನೋಡಿ ತೀರ್ಮಾನ. ಗಂಡನ ಗುರುತಿಗೆ ಹೆಂಡತಿಯ ರಕ್ತದಿಂದ ಪ್ರಯೋಜನವಿಲ್ಲ. ಮಕ್ಕಳದ್ದೋ ಹೆತ್ತವರದ್ದೋ ಬೇಕು.

ತಪ್ಪಿದ್ದೆಲ್ಲಿ?

22ರಲ್ಲಿ 10 ಶವಗಳಿಗೆ ವಾರಸುದಾರರು ಸಿಕ್ಕಿದರು. ಉಳಿದ 12, ಕಾದು ಕುಳಿತ ಮನೆಯವರ ರಕ್ತಕ್ಕೆ ತಾಳೆಯಾಗಲಿಲ್ಲ. ಹಾಗಾದರೆ ಅವರು ಹುಡುಕುತ್ತಿದ್ದ ಶವಗಳೆಲ್ಲಿ? ಮೊದಲೇ ಕೊಂಡುಹೋದವುಗಳಲ್ಲಿ ಕೆಲವು ಅದಲುಬದಲಾಗಿರಬೇಕು ಎಂಬುದೇ ಉಳಿಯುವ ಉತ್ತರ. ಲ್ಯಾಬು ಎರಡು ಮಾದರಿಯನ್ನು ತಾಳೆ ನೋಡಬಲ್ಲದು. ಎದುರಿಗಿಲ್ಲದ್ದನ್ನು ಹುಡುಕಿ ತರಲಾರದು.

ಕಣ್ಣೀರಿನಲ್ಲಿ ಕೈಗಡಿಯಾರ ನೋಡಿ "ನಮ್ಮವನೇ" ಅಂದವರನ್ನು ದೂರುವಂತಿಲ್ಲ. ಆದರೆ ಪಾಠ ಪಾಠವೇ. 2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತದಲ್ಲಿ ಬಹುಪಾಲು ಶವಗಳನ್ನು ಡಿ.ಎನ್.ಎ. ತಾಳೆಯಾದ ಮೇಲೆಯೇ ಮನೆಯವರಿಗೆ ಒಪ್ಪಿಸಿದರು. ಕಾಯುವುದು ಕಷ್ಟವೇ. ಆದರೆ ಕಾದರೆ ಯಾರ ಮಗನೂ ಹೆಸರಿಲ್ಲದೆ ಮಣ್ಣಾಗಬೇಕಿಲ್ಲ.