ಕೋರೆಹಲ್ಲು ಸವೆಸಿಕೊಂಡ ಪೊಲೀಸ

ಸೊಲ್ಲಾಪುರದ ಪೂರ್ವಭಾಗ ಎಂದರೆ ತೆಲುಗು ನೇಕಾರರ ಕೇರಿ. ಅಲ್ಲಿ ನನಗೊಬ್ಬ ಹಳೆಯ ಗೆಳೆಯನಿದ್ದಾನೆ. ಅಕ್ಕಲಕೋಟೆ ತಾಲೂಕಿನ ನಮ್ಮೂರಿನಿಂದ ಉಳ್ಳಾಗಡ್ಡಿ ಹೇರಿಕೊಂಡು ಮಾರ್ಕೆಟ್ ಯಾರ್ಡಿಗೆ ಹೋದರೆ ರಾತ್ರಿ ವಸ್ತಿ ಅವನ ಮನೆಯಾಗೇ. ಮೊನ್ನೆ ಹೋದಾಗ ಅವನ ಮೊಮ್ಮಗ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ಹಚ್ಚಿದ. ಹೆಸರು 'ಬ್ರೈಟ್', 2017ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದದ್ದು, ಡೇವಿಡ್ ಅಯರ್ ನಿರ್ದೇಶನ. ನನಗೆ ತಿಳಿಯದ ಮಾತನ್ನು ಹುಡುಗ ತೆಲುಗಿನಲ್ಲಿ ಬಿಡಿಸಿ ಹೇಳಿದ.

ಕಥೆ ಲಾಸ್ ಏಂಜಲಿಸ್ ಪಟ್ಟಣದ್ದು. ಅಲ್ಲಿ ಮನುಷ್ಯರ ಜೊತೆ ಎಲ್ಫ್, ಓರ್ಕ್ ಎಂಬ ಜಾತಿಗಳೂ ಬಾಳುತ್ತವೆ. ಎಲ್ಫ್‌ಗಳು ಸಿರಿವಂತರು. ಓರ್ಕ್‌ಗಳ ಹಿರಿಯರು ಎರಡು ಸಾವಿರ ವರ್ಷದ ಹಿಂದೆ ದುಷ್ಟ ದೊರೆಯ ಪಕ್ಷ ಹಿಡಿದರಂತೆ, ಆ ಪಾಪ ಇಂದಿನವರ ತಲೆಯ ಮೇಲೆ. ಪೊಲೀಸ್ ಇಲಾಖೆ ಸೇರಿದ ಮೊದಲ ಓರ್ಕ್ ಜಾಕೋಬಿ. ಅವನ ಜೋಡಿ ವಾರ್ಡ್ ಎಂಬ ಮನುಷ್ಯ. ಆ ಪಾತ್ರ ವಿಲ್ ಸ್ಮಿತ್‌ನದು. ವಾರ್ಡನಿಗೆ ಈ ಜೋಡಿ ಬೇಕಿಲ್ಲ. ಆದರೆ ಮಂತ್ರದಂಡವೊಂದು ಸಿಕ್ಕು, ಅದರ ಆಸೆಗೆ ಬಿದ್ದ ಪೊಲೀಸರೇ ಜಾಕೋಬಿಯನ್ನು ಕೊಲ್ಲು ಎಂದಾಗ ಅವನ ಬಂದೂಕು ತಿರುಗುವುದು ಅವರ ಕಡೆಗೇ.

ಗುಂಡಿನ ಸದ್ದು ಅತಿಯಾಯಿತು. ಜಾತಿಗೊಂದು ಗುಣ ಹಚ್ಚಬ್ಯಾಡ್ರಿ ಎನ್ನುವ ಸಿನಿಮಾ ತಾನೇ ಹಚ್ಚಿಯೂ ಬಿಟ್ಟಿದೆ. ಆದರೂ ಒಂದು ಸಂಗತಿ ನನ್ನನ್ನು ಹಿಡಿದು ಕೂಡಿಸಿತು. ಮನುಷ್ಯರ ನಡುವೆ ಸಲ್ಲಬೇಕೆಂದು ಜಾಕೋಬಿ ತನ್ನ ಕೋರೆಹಲ್ಲು ಸವೆಸಿಕೊಂಡಿದ್ದಾನೆ. ಮನುಷ್ಯರು ಆದರೂ ಒಪ್ಪಲಿಲ್ಲ, ಓರ್ಕ್‌ಗಳು ಛೀ ಎಂದರು.

ಓದುಗರು ನಗಬಹುದು, ನಾನೂ ಸವೆಸಿಕೊಂಡವನೇ. ಹತ್ತನೇ ಇಯತ್ತೆ ಮುಗಿಸಿ ಸೊಲ್ಲಾಪುರಕ್ಕೆ ಮಗ್ಗದ ಕೆಲಸಕ್ಕೆ ಬಂದಾಗ, 'ಕಾನಡಿ' ಎಂದು ಹಂಗಿಸಿಯಾರೆಂದು ಮರಾಠಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಅವ್ವ ರೊಟ್ಟಿಗಂಟು ಹೊತ್ತು ಬಂದು ಬಾಗಿಲಲ್ಲಿ ಕನ್ನಡದಾಗ ಕೂಗಿದರೆ, ಕೇಳಿಸದವನಂತೆ ನಿಂತಿದ್ದೆ. ತೆಲುಗರ ವಿಷಯದಾಗ ಮಾತ್ರ ನಾನೇ ವಾರ್ಡ್. ಪಕ್ಕದ ಮಗ್ಗದ ಈ ಗೆಳೆಯನ ಕೊಡದ ನೀರು ಕುಡಿಯುತ್ತಿರಲಿಲ್ಲ.

ಒಂದು ರಾತ್ರಿಪಾಳಿ, ಮಗ್ಗದ ಪಟ್ಟಾ ಹರಿದು ನನ್ನ ಕೈಗೆ ಬಡಿಯಿತು. ಅವನು ತನ್ನ ಮಗ್ಗ ನಿಲ್ಲಿಸಿ ಧೋತರ ಹರಿದು ಕಟ್ಟಿದ. ಮೂರು ದಿನ ನನ್ನ ಮಗ್ಗವನ್ನೂ ತಾನೇ ನಡೆಸಿ, ಕೂಲಿ ನನ್ನ ಹೆಸರಿಗೆ ಬರೆಸಿದ. ಆ ರಾತ್ರಿ ಲೋಟ ಹಿಡಿದು 'ನೀಳ್ಳು ತಾಗು' ಎಂದ. ನಾನು ಕಲಿತ ಮೊದಲ ತೆಲುಗು ಅದು. ಪದ್ಯ ಬರೆದದ್ದು ಆಮೇಲೆ.

ಇದೇ ಊರಿನ ನಾಲ್ವರನ್ನು ಬ್ರಿಟಿಷರು 1930ರ ಮಾರ್ಷಲ್ ಲಾ ಗದ್ದಲದ ನಂತರ, 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿಸಿದರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಯಾವ ಯಾವ ಓಣಿ ಆಗ ಒಂದಾಗಿದ್ದವು ಎಂದು ಹೆಸರೇ ಹೇಳುತ್ತವೆ.

ಸಿನಿಮಾ ಮುಗಿದ ಮೇಲೆ ಗೆಳೆಯ ಕೇಳಿದ, ಸವೆಸಿದ ಹಲ್ಲು ತಿರುಗಿ ಬೆಳೀತಾವೇನೋ ಎಂದು. ಅವ್ವ ತೀರಿ ಹನ್ನೆರಡು ವರ್ಷವಾಯಿತು. ನಾನು ಏನೂ ಹೇಳಲಿಲ್ಲ. ಅವನು ಎದ್ದು ಹೋಗಿ ಕೊಡದಿಂದ ನೀರು ತಂದುಕೊಟ್ಟ.