ನಿಮಗಿದು ಗೊತ್ತೇ? ಉರುಳುವ, ತಿರುಗುವ ವಸ್ತುಗಳ ಲೆಕ್ಕ

ಇಳಿಜಾರು ಹಲಗೆಯ ಮೇಲಿಂದ ಒಂದು ಗೋಲಿ, ಒಂದು ಬಿಲ್ಲೆ, ಒಂದು ಬಳೆ ಮೂರನ್ನೂ ಒಟ್ಟಿಗೆ ಉರುಳಬಿಡಿ. ಗೆಲ್ಲುವುದು ಗೋಲಿ, ಕೊನೆಗೆ ಬರುವುದು ಬಳೆ. ಬಳೆಯನ್ನು ಹಗುರ ಮಾಡಿದರೂ, ಗೋಲಿಯನ್ನು ಹತ್ತು ಪಟ್ಟು ದೊಡ್ಡದು ಮಾಡಿದರೂ ಈ ಕ್ರಮ ಬದಲಾಗದು! ಘರ್ಷಣೆಯಿಲ್ಲದೆ ಜಾರುವ ವಸ್ತುವಿನ ವೇಗೋತ್ಕರ್ಷದಲ್ಲಿ ಗೋಲಿಗೆ ಸಿಗುವುದು 5/7 ಪಾಲು, ಬಿಲ್ಲೆಗೆ 2/3, ಬಳೆಗೆ 1/2. ದ್ರವ್ಯರಾಶಿಯೂ ತ್ರಿಜ್ಯವೂ ಸಮೀಕರಣದಲ್ಲಿ ಹೊಡೆದುಹೋಗುತ್ತವೆ. ಉಳಿಯುವುದು, ರಾಶಿ ಅಕ್ಷದ ಸುತ್ತ ಹೇಗೆ ಹರಡಿದೆ ಎಂಬುದೊಂದೇ.

ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ವರ್ಣಿಸಿದ ಇಳಿಜಾರಿನ ಪ್ರಯೋಗದಲ್ಲಿ ಉರುಳಿದ್ದು ಕಂಚಿನ ಗುಂಡು. ದೂರವು ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆಂದು ಅವನು ಸರಿಯಾಗಿಯೇ ಕಂಡುಕೊಂಡ. ಆದರೆ ತಿರುಗುವುದಕ್ಕೂ ಒಂದು ಪಾಲು ಶಕ್ತಿ ವ್ಯಯವಾಗುತ್ತದೆ ಎಂಬ ಲೆಕ್ಕ ಆಗಿನ್ನೂ ಹುಟ್ಟಿರಲಿಲ್ಲ. ರಾಶಿಯ ಹರವಿನ ಅಳತೆಗೆ ‘ಮೊಮೆಂಟ್ ಆಫ್ ಇನರ್ಷಿಯಾ’ ಎಂದು ಹೆಸರಿಟ್ಟವನು ಆಯ್ಲರ್, 1765ರಲ್ಲಿ.

ಉರುಳುವ ಲೆಕ್ಕದಲ್ಲಿ ಘರ್ಷಣೆ ಎಂದ ಕೂಡಲೇ ಗುಣಾಂಕವನ್ನು ಲಂಬಬಲದಿಂದ ಗುಣಿಸಿಬಿಡುವುದು ಪದೇಪದೇ ಕಾಣುವ ತಪ್ಪು. ಜಾರದೆ ಉರುಳುವಾಗ ಇರುವುದು ಸ್ಥಿರ ಘರ್ಷಣೆ. ಅದು ಬೇಕಾದಷ್ಟೇ ಒದಗುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ಗೋಲಿಯ ಮೇಲಿನ ಘರ್ಷಣೆ ಅದರ ತೂಕದ ಏಳನೇ ಒಂದು ಭಾಗ. ಗುಣಾಂಕ 0.3 ಇರಲಿ, 0.8 ಇರಲಿ, ಅಷ್ಟೇ.

ಅಕ್ಷವನ್ನು ಎಲ್ಲಿ ಹಿಡಿಯಬೇಕು? ಬಹಳ ಮಂದಿ ಕಣ್ಣು ಮುಚ್ಚಿ ಕೇಂದ್ರವನ್ನೇ ಹಿಡಿಯುತ್ತಾರೆ. ನೆಲಕ್ಕೆ ತಾಗಿದ ಬಿಂದುವನ್ನು ಹಿಡಿದು ನೋಡಿ: ಘರ್ಷಣೆಯೂ ಲಂಬಬಲವೂ ಆ ಬಿಂದುವಿನ ಮೂಲಕವೇ ಹಾಯುವುದರಿಂದ ಅವುಗಳ ಟಾರ್ಕ್ ಸೊನ್ನೆ. ನಮಗೆ ಗೊತ್ತಿಲ್ಲದ ಬಲಗಳೆಲ್ಲ ಲೆಕ್ಕದಿಂದಲೇ ಹೊರಗೆ! ಗುರುತ್ವದ ಟಾರ್ಕ್ ಒಂದೇ ಉಳಿಯುತ್ತದೆ. ಗೋಲಿಯ ಇನರ್ಷಿಯಾದ ಅಂಕ (ರಾಶಿ ಗುಣಿಸು ತ್ರಿಜ್ಯದ ವರ್ಗದ ಎಷ್ಟು ಪಾಲು ಎಂಬುದು) 2/5. ಅದಕ್ಕೆ ಸಮಾಂತರ ಅಕ್ಷದ ನಿಯಮದಂತೆ 1 ಕೂಡಿಸಿದರೆ 7/5. ಮೇಲಿನ 5/7 ಒಂದೇ ಸಾಲಿನಲ್ಲಿ ಬಂದುಬಿಡುತ್ತದೆ. ಭೌತಶಾಸ್ತ್ರದ ಮೊದಲ ವರ್ಷದಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಅದೇ ಉಪಾಯ ದಾರದ ರೀಲಿನ ಒಗಟನ್ನೂ ಬಿಡಿಸುತ್ತದೆ. ಮೇಜಿನ ಮೇಲಿಟ್ಟ ರೀಲಿನ ಅಡಿಯಿಂದ ಹೊರಬಂದ ದಾರವನ್ನು ಮಟ್ಟಸವಾಗಿ ಎಳೆದರೆ ರೀಲು ನಿಮ್ಮ ಕಡೆಗೇ ಉರುಳಿ ಬರುತ್ತದೆ. ದಾರವನ್ನು ಸಾಕಷ್ಟು ಕಡಿದಾಗಿ ಮೇಲೆತ್ತಿ ಎಳೆಯಿರಿ, ದೂರ ಓಡುತ್ತದೆ. ನಡುವೆ ಒಂದು ಕೋನದಲ್ಲಿ ಅತ್ತಲೂ ಉರುಳದು, ಇತ್ತಲೂ ಉರುಳದು. ಆಗ ದಾರದ ಗೆರೆ ನೆಲ ತಾಗುವ ಬಿಂದುವಿನ ಮೂಲಕವೇ ಹಾಯುತ್ತಿರುತ್ತದೆ.

ನಿಮಿಷಕ್ಕೆ 300 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 31.4 ರೇಡಿಯನ್. ಸುತ್ತುಗಳನ್ನು ರೇಡಿಯನ್‌ಗೆ ಬದಲಿಸದೆ ಸೂತ್ರಕ್ಕೆ ಹಾಕಿದರೆ ಉತ್ತರ ಕೆಟ್ಟಿತೆಂದೇ ತಿಳಿಯಿರಿ.

60 ಕಿ.ಮೀ. ವೇಗದ ಬಸ್ಸಿನ ಟೈರಿನ ನೆತ್ತಿ 120 ಕಿ.ಮೀ. ವೇಗದಲ್ಲಿ ಮುಂದೆ ಸಾಗುತ್ತಿದ್ದರೆ, ರಸ್ತೆಗೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ.

ರಾಟೆಗೂ ತೂಕವಿದ್ದು ಅದರ ವೇಗ ಏರುತ್ತಿದ್ದರೆ, ಹಗ್ಗದ ಎರಡು ಬದಿಯ ಎಳೆತ ಒಂದೇ ಆಗಿರಲು ಸಾಧ್ಯವಿಲ್ಲ. ಆ ವ್ಯತ್ಯಾಸವೇ ರಾಟೆಯನ್ನು ತಿರುಗಿಸುವುದು.

ಬುಡದಲ್ಲಿ ಕೀಲು ಹಾಕಿ ನಿಲ್ಲಿಸಿದ ಕೋಲು ಬಿದ್ದು ನೆಲಕ್ಕೆ ಸಮವಾಗುವ ಹೊತ್ತಿಗೆ, ಅದರ ತುದಿ ಕೆಳಮುಖವಾಗಿ ಗುರುತ್ವ ವೇಗೋತ್ಕರ್ಷದ ಒಂದೂವರೆ ಪಟ್ಟು ಪಡೆದಿರುತ್ತದೆ. ಸುಮ್ಮನೆ ಕೈಬಿಟ್ಟ ಕಲ್ಲಿಗೂ ಅಷ್ಟಿಲ್ಲ!

ಸ್ಕೇಟಿಂಗ್ ಮಾಡುವವರು ಚಾಚಿದ ತೋಳನ್ನು ಮಡಚಿ ಇನರ್ಷಿಯಾ ಅರ್ಧಕ್ಕೆ ಇಳಿಸಿದರೆ ತಿರುಗುವ ವೇಗ ದುಪ್ಪಟ್ಟು. ಚಲನಶಕ್ತಿಯೂ ದುಪ್ಪಟ್ಟಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಉಳಿದುಕೊಳ್ಳುವುದು ಕೋನೀಯ ಸಂವೇಗವೇ ಹೊರತು ಚಲನಶಕ್ತಿಯಲ್ಲ. ಹೆಚ್ಚಿನ ಶಕ್ತಿ ಬಂದದ್ದು ತೋಳನ್ನು ಒಳಗೆಳೆದ ಸ್ನಾಯುಗಳ ಕೆಲಸದಿಂದ.

ಒಳಗೆಲ್ಲ ಒಂದೇ ಸಾಂದ್ರತೆಯ ಗೋಳಕ್ಕೆ ಇರಬೇಕಾದ ಇನರ್ಷಿಯಾದ ಅಂಕ 0.4, ಗೋಲಿಯ ಅದೇ 2/5. ಭೂಮಿಗೆ ಇರುವುದು ಸುಮಾರು 0.33. ಅಂದರೆ ಭಾರ ನಡುವಿನಲ್ಲಿ ಹೆಚ್ಚು ಒತ್ತಾಗಿದೆ. ಇದನ್ನು ತಿಳಿಯಲು ಯಾರೂ ಅಷ್ಟು ಆಳಕ್ಕೆ ಕೊರೆದು ನೋಡಬೇಕಾಗಿಲ್ಲ. ಚಂದ್ರನ ಅಂಕ ಸುಮಾರು 0.39. ಅದರ ಕಬ್ಬಿಣದ ತಿರುಳು ಬಲು ಚಿಕ್ಕದು.