ಹೆರಿಗೆಯ ದಿನವಲ್ಲ, ಎರಡನೆಯ ತಿಂಗಳು: ಎಳೆಗೂಸುಗಳ ಹೆಪಟೈಟಿಸ್ ಸಿ ಪರೀಕ್ಷೆ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಾಗಲಿ, ಕುಂದಗೋಳದ ಮೆಣಸಿನಕಾಯಿ ಹೊಲಗಳ ನಡುವಣ ಹಳ್ಳಿಗಳಲ್ಲಾಗಲಿ, ಮಲೆನಾಡಿನ ಸೆರಗಾದ ಕಲಘಟಗಿಯಲ್ಲಾಗಲಿ, ಮಗಳ ಚೊಚ್ಚಲ ಬಾಣಂತನ ತವರುಮನೆಯದು ಎಂಬುದು ಇಂದಿಗೂ ಬಿಡದ ಪದ್ಧತಿ. ಕುಬಸ ಮುಗಿದ ಮೇಲೆ ಮಗಳು ತವರಿಗೆ ಬರುತ್ತಾಳೆ. ಹೆರಿಗೆ ತಾಲೂಕು ಆಸ್ಪತ್ರೆಯಲ್ಲೋ ಹುಬ್ಬಳ್ಳಿಯಲ್ಲೋ ಆಗುತ್ತದೆ. ಕೆಲವು ತಿಂಗಳುಗಳ ನಂತರ ಕೂಸು, ತೊಟ್ಟಿಲುಗಳೊಂದಿಗೆ ಗಂಡನ ಮನೆಗೆ ಮರಳುತ್ತಾಳೆ. ಜ್ಞಾನಸ್ನಾನ ತವರಿನ ಧರ್ಮಕೇಂದ್ರದಲ್ಲಿ ನಡೆಯಬೇಕೋ, ಗಂಡನ ಊರಿನಲ್ಲೋ ಎಂಬ ಮಾತುಕತೆಯೂ ನಮ್ಮ ಕುಟುಂಬಗಳಲ್ಲಿ ಇದೇ ಅವಧಿಯಲ್ಲಿ ನಡೆಯುತ್ತದೆ. ಮಗು ಹೀಗೆ ಎರಡು ಊರುಗಳಿಗೆ ಸೇರಿದ್ದಾಗಿರುವ ತಿಂಗಳುಗಳಲ್ಲಿಯೇ, ಅದಕ್ಕೆ ಅಗತ್ಯವಾದ ಒಂದು ರಕ್ತಪರೀಕ್ಷೆ ಯಾರ ನೆನಪಿಗೂ ಬಾರದೆ ಹೋಗುವ ಸಂಭವವಿದೆ. ತಾಯಿಗೆ ಹೆಪಟೈಟಿಸ್ ಸಿ ಸೋಂಕು ಇದ್ದಲ್ಲಿ ಮಗುವಿಗೆ ಮಾಡಿಸಬೇಕಾದ ಪರೀಕ್ಷೆ ಅದು.

ಹೆಪಟೈಟಿಸ್ ಸಿ ಎಂಬುದು ಯಕೃತ್ತಿಗೆ, ಎಂದರೆ ಪಿತ್ತಜನಕಾಂಗಕ್ಕೆ ತಗಲುವ ವೈರಾಣು. ಇದನ್ನು ಗುರುತಿಸಿದ್ದು 1989ರಲ್ಲಿ. ಆ ಸಂಶೋಧನೆಗೆ ಸಂಬಂಧಿಸಿದ ಮೂವರು ವಿಜ್ಞಾನಿಗಳಾದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ನಮ್ಮ ಕಡೆ ‘ಕಾಮಣಿ’ ಎಂದೊಡನೆ ಕಣ್ಣು ಹಳದಿಯಾಗುವುದೇ ನೆನಪಾಗುತ್ತದೆ. ಈ ರೋಗ ಹಾಗಲ್ಲ. ಹಲವು ವರ್ಷ, ಕೆಲವೊಮ್ಮೆ ದಶಕಗಳವರೆಗೆ, ಯಾವ ಸುಳಿವನ್ನೂ ಕೊಡದೆ ದೇಹದೊಳಗೆ ಉಳಿದು ಯಕೃತ್ತನ್ನು ಗಟ್ಟಿಗೊಳಿಸುತ್ತ ಹೋಗುತ್ತದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಅನೇಕ ಕೂಸುಗಳಿಗೆ ಕಾಣಿಸಿಕೊಳ್ಳುವ ಹಳದಿಗೂ ಇದಕ್ಕೂ ಸಂಬಂಧವಿಲ್ಲ. ಆ ಹಳದಿಗೆ ಬರೆ ಹಾಕಿಸುವ, ಸೊಪ್ಪಿನ ರಸ ಹಿಂಡುವ ಕ್ರೌರ್ಯವನ್ನು ಇನ್ನಾದರೂ ಕೈಬಿಡಬೇಕೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಸೋಂಕು ಹರಡುವುದು ರಕ್ತದ ಮೂಲಕ. ಸರಿಯಾಗಿ ಶುದ್ಧಿಗೊಳಿಸದ ಸೂಜಿ, ಪರೀಕ್ಷಿಸದೆ ಕೊಟ್ಟ ರಕ್ತ, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಾಕುವ ಹಚ್ಚೆ, ಇವು ಅದರ ದಾರಿಗಳು. ಈಜಿಪ್ಟ್ ದೇಶದ ಉದಾಹರಣೆ ಹೃದಯ ಕಲಕುವಂಥದು. ನೀರಿನಿಂದ ಬರುವ ಒಂದು ಹುಳುರೋಗವನ್ನು ನಿವಾರಿಸಲೆಂದು 1950ರಿಂದ 1980ರ ದಶಕದವರೆಗೆ ಅಲ್ಲಿನ ಹಳ್ಳಿಗರಿಗೆ ಸಾಮೂಹಿಕವಾಗಿ ಚುಚ್ಚುಮದ್ದು ನೀಡಲಾಯಿತು. ಅವೇ ಸೂಜಿಗಳನ್ನು ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಊರೂರಿಗೆ ವ್ಯಾಪಿಸಿತು. ಉಪಕಾರ ಬಯಸಿದ ಕೈಯಿಂದಲೇ ಅಪಕಾರವಾದ ಈ ಸಂಗತಿಯನ್ನು ನಾವು ನೆನೆಯುವುದಕ್ಕೆ ಕಾರಣವಿದೆ. ಸೊಸೆಯ ರಕ್ತದಲ್ಲಿ ಇಂಥ ಸೋಂಕು ಕಂಡುಬಂದಾಗ, ಅವಳ ನಡತೆಯನ್ನೇ ಸಂಶಯಿಸುವ ಮನೆಗಳು ಇಲ್ಲದಿಲ್ಲ. ಎಳವೆಯಲ್ಲಿ ಜ್ವರಕ್ಕೆಂದು ಮಾಡಿಸಿದ ಸೂಜಿಯಿಂದಲೋ, ಎಂದೋ ಏರಿಸಿದ ಒಂದು ಬಾಟಲಿ ರಕ್ತದಿಂದಲೋ ಬಂದಿರಬಹುದಾದ ಸೋಂಕಿಗೆ ಅವಳನ್ನು ಹೊಣೆಗಾರಳನ್ನಾಗಿಸುವುದು ಅನ್ಯಾಯ. ಹಾಗೆ ದೂಷಿಸಿದ ಮನೆಯಲ್ಲಿ ಅವಳು ಮಗುವಿನ ಪರೀಕ್ಷೆಯ ಮಾತೆತ್ತುವುದಾದರೂ ಹೇಗೆ?

ಸೋಂಕಿರುವ ನೂರು ತಾಯಂದಿರ ಮಕ್ಕಳಲ್ಲಿ ಸುಮಾರು ಆರು ಮಕ್ಕಳಿಗೆ ಮಾತ್ರ ಅದು ದಾಟುತ್ತದೆ. ತಾಯಿಗೆ ಎಚ್‌ಐವಿಯೂ ಇದ್ದರೆ ಈ ಪ್ರಮಾಣ ಹೆಚ್ಚುತ್ತದೆ. ಸಿಸೇರಿಯನ್ ಮಾಡಿಸಿದರೆ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎದೆಹಾಲಿನಿಂದ ರೋಗ ಬರುವುದಿಲ್ಲ. ಮೊಲೆತೊಟ್ಟು ಒಡೆದು ರಕ್ತ ಒಸರುತ್ತಿದ್ದರೆ ಮಾತ್ರ ಅದು ಮಾಯುವ ತನಕ ಹಾಲೂಡಿಸುವುದನ್ನು ನಿಲ್ಲಿಸಬೇಕು.

ಹಾಗಾದರೆ ಕೂಸು ಹುಟ್ಟಿದ ಕೂಡಲೇ ಪರೀಕ್ಷಿಸಬಾರದೇಕೆ? ಸಾಮಾನ್ಯವಾಗಿ ಮೊದಲು ಮಾಡುವ ಪರೀಕ್ಷೆ ವೈರಾಣುವನ್ನೇ ಹುಡುಕುವುದಿಲ್ಲ. ಅದರ ವಿರುದ್ಧ ದೇಹ ಸಿದ್ಧಪಡಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಗರ್ಭದಲ್ಲಿರುವಾಗಲೇ ತಾಯಿಯ ಪ್ರತಿಕಾಯಗಳು ಮಗುವಿಗೆ ಹರಿದುಬರುತ್ತವೆ. ಅವು ತಾಯಿ ಕಟ್ಟಿಕೊಟ್ಟ ಬುತ್ತಿಯಿದ್ದಂತೆ. ಮಗುವಿನ ಗಂಟಿನಲ್ಲಿ ಬುತ್ತಿ ಸಿಕ್ಕಿತೆಂದ ಮಾತ್ರಕ್ಕೆ ಅಡುಗೆ ಮಾಡಿದ್ದು ಮಗುವೇ ಎಂದು ಹೇಳಲಾಗದು. ಈ ಬುತ್ತಿ ಪೂರ್ತಿ ಕರಗಲು ಹದಿನೆಂಟು ತಿಂಗಳವರೆಗೂ ಹಿಡಿಯಬಹುದು. ಆದುದರಿಂದ ಒಂಬತ್ತು ತಿಂಗಳ ಕೂಸಿಗೆ ಪ್ರತಿಕಾಯ ಪರೀಕ್ಷೆ ಮಾಡಿಸಿ, ‘ಪಾಸಿಟಿವ್’ ಎಂಬ ಚೀಟಿ ಹಿಡಿದು ಮನೆಮಂದಿಯೆಲ್ಲ ಅಳುವುದು ಅಕಾರಣ ದುಃಖ. ಹೊಕ್ಕುಳಬಳ್ಳಿಯ ರಕ್ತವೂ ನಂಬಲರ್ಹವಲ್ಲ. ಅದರಲ್ಲಿ ತಾಯಿಯ ರಕ್ತ ಬೆರೆತಿರಬಹುದು.

ಸರಿಯಾದ ಮಾರ್ಗವೆಂದರೆ ವೈರಾಣುವಿನ ಆರ್‌ಎನ್‌ಎಯನ್ನೇ ಪತ್ತೆಹಚ್ಚುವ ಪರೀಕ್ಷೆ. ಹಿಂದೆ ಹದಿನೆಂಟು ತಿಂಗಳು ಕಾಯುವುದೇ ರೂಢಿಯಾಗಿತ್ತು. ಅಷ್ಟರೊಳಗೆ ಕುಟುಂಬಗಳು ಮರೆಯುತ್ತಿದ್ದವು, ಊರು ಬದಲಿಸುತ್ತಿದ್ದವು. ಪರೀಕ್ಷೆಯಾಗದ ಮಕ್ಕಳೇ ಹೆಚ್ಚು ಉಳಿದರು. ಇದನ್ನು ಮನಗಂಡು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2023ರ ನವೆಂಬರಿನಲ್ಲಿ, ಸೋಂಕಿತ ತಾಯಿಯ ಕೂಸಿಗೆ ಎರಡರಿಂದ ಆರು ತಿಂಗಳೊಳಗೆ ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕೆಂದು ಸೂಚಿಸಿತು. ಆಗ ವೈರಾಣು ಕಾಣದಿದ್ದರೆ, ಬೇರೆ ಕಾರಣವಿಲ್ಲದೆ ಮತ್ತೆ ಪರೀಕ್ಷಿಸಬೇಕಾಗಿಲ್ಲ. ಆ ಅವಧಿ ತಪ್ಪಿದರೂ ಹದಿನೇಳನೆಯ ತಿಂಗಳವರೆಗೆ ಇದೇ ಪರೀಕ್ಷೆ. ಹದಿನೆಂಟು ತುಂಬಿದ ಮೇಲೆ ಮೊದಲು ಪ್ರತಿಕಾಯ ಪರೀಕ್ಷೆ, ಅದು ಪಾಸಿಟಿವ್ ಆದರೆ ಆರ್‌ಎನ್‌ಎ.

ಈ ಸೂಚನೆ ನಮ್ಮ ಹಳ್ಳಿಗಳಿಗೆ ಬಹಳ ಹೊಂದುತ್ತದೆಂಬುದು ನಮ್ಮ ಅಭಿಪ್ರಾಯ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಗೆಂದು ಕೂಸನ್ನು ಹೇಗೂ ಆರೋಗ್ಯ ಕೇಂದ್ರಕ್ಕೆ ಒಯ್ಯುತ್ತೇವೆ. ಹತ್ತನೆಯ ವಾರವೆಂದರೆ ಎರಡು ತಿಂಗಳು ದಾಟಿದ ದಿನಗಳು; ಬಾಣಂತಿ ಸಾಮಾನ್ಯವಾಗಿ ಇನ್ನೂ ತವರಿನಲ್ಲಿಯೇ, ಹೆರಿಗೆಯಾದ ಆಸ್ಪತ್ರೆಗೆ ಸಮೀಪದಲ್ಲಿಯೇ ಇರುತ್ತಾಳೆ. ಆರ್‌ಎನ್‌ಎ ಪರೀಕ್ಷೆ ಹಳ್ಳಿಯ ಉಪಕೇಂದ್ರದಲ್ಲಿ ಆಗುವಂಥದಲ್ಲ. ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲೋ, ಜನರು ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ವಿಚಾರಿಸಬೇಕು. ದೂರವೆನಿಸಬಹುದು. ಆದರೆ ಎಚ್‌ಐವಿ ಸೋಂಕಿರುವ ತಾಯಂದಿರ ಆರು ವಾರದ ಕೂಸುಗಳ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ಕಾಗದದ ಮೇಲೆ ಒಣಗಿಸಿ, ದೂರದ ಪ್ರಯೋಗಾಲಯಕ್ಕೆ ಕಳಿಸುವ ಕ್ರಮವನ್ನು ನಮ್ಮ ರಾಜ್ಯ ಕಂಡಿದೆ. ಕೂಸನ್ನು ಬೇಗ ಪರೀಕ್ಷಿಸುವ ವಿಚಾರ ನಮಗೆ ಹೊಸತೇನಲ್ಲ.

ವೈರಾಣು ಕಂಡುಬಂದರೂ ದಿಕ್ಕೆಡಬೇಕಾಗಿಲ್ಲ. ಕಾಲುಭಾಗಕ್ಕೂ ಮಿಕ್ಕಿದ ಮಕ್ಕಳಲ್ಲಿ ಮೊದಲ ಕೆಲವು ವರ್ಷಗಳಲ್ಲಿ ಅದು ತಾನಾಗಿಯೇ ಹೊರಟುಹೋಗುತ್ತದೆ. ಉಳಿದವರಿಗೆ ಮೂರು ವರ್ಷ ತುಂಬಿದ ಮೇಲೆ ಬಾಯಿಯಿಂದ ನುಂಗುವ ಔಷಧಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಆ ವಯಸ್ಸಿನ ಮಕ್ಕಳಿಗೂ ಅವುಗಳನ್ನು ಶಿಫಾರಸು ಮಾಡಿತು. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರಗಳ ಚಿಕಿತ್ಸೆ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಪೂರ್ಣ ಗುಣಮುಖರಾಗುತ್ತಾರೆ. ಅಲ್ಲಿಯವರೆಗೆ ಮಗುವಿಗೆ ಬೇರೆ ತಟ್ಟೆ, ಬೇರೆ ಹಾಸಿಗೆ ಬೇಡ. ಅಂಗನವಾಡಿಯಿಂದ ದೂರವಿಡಬೇಕಾಗಿಲ್ಲ, ಮುದ್ದಿಡಲು ಹೆದರಬೇಕಾಗಿಲ್ಲ.

ಇಲ್ಲಿ ಒಂದು ಗೊಂದಲ ನಿವಾರಿಸಬೇಕು. ಹೆಪಟೈಟಿಸ್ ಬಿ ಬೇರೆ. ಅದಕ್ಕೆ ಲಸಿಕೆಯಿದೆ, ಮೊದಲ ಚುಚ್ಚುಮದ್ದು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಬೀಳಬೇಕು, ತಡಮಾಡುವಂತಿಲ್ಲ. ಸಿ ಸೋಂಕಿಗೆ ಲಸಿಕೆ ಇನ್ನೂ ಇಲ್ಲ, ಪರೀಕ್ಷೆಯೇ ದಾರಿ.

ದೇಶದಲ್ಲಿ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಆದರೆ ಗರ್ಭಿಣಿಯರೆಲ್ಲರಿಗೂ ಬಿ ಪರೀಕ್ಷೆ ಮಾಡಬೇಕೆನ್ನುವ ಈ ಕಾರ್ಯಕ್ರಮ, ಸಿ ಪರೀಕ್ಷೆಯನ್ನು ಸೋಂಕಿನ ಸಂಭವವಿರುವವರಿಗೆ ಮಾತ್ರ ಹೇಳುತ್ತದೆ. ಎಂದಾದರೂ ರಕ್ತ ಏರಿಸಿಕೊಂಡ, ಡಯಾಲಿಸಿಸ್ ಮಾಡಿಸಿಕೊಂಡ, ಹಚ್ಚೆ ಹಾಕಿಸಿಕೊಂಡ ಗರ್ಭಿಣಿ ತಾನಾಗಿಯೇ ವೈದ್ಯರಿಗೆ ತಿಳಿಸುವುದು ಲೇಸು. ಬಸಿರಿನಲ್ಲಿ ಈ ಔಷಧ ಕೊಡುವುದು ರೂಢಿಯಲ್ಲ; ಮದುವೆಗೆ ಮುನ್ನವೇ ಪತ್ತೆಯಾದ ಹೆಣ್ಣುಮಕ್ಕಳು ಬಸಿರಿಗೆ ಮೊದಲು ಗುಣಹೊಂದಿದರೆ ಮಗುವಿನ ಚಿಂತೆಯೇ ಇರುವುದಿಲ್ಲ.

ತಾಯಿಗೆ ಸೋಂಕಿದ್ದಲ್ಲಿ ಆ ಸಂಗತಿಯನ್ನೂ, ಮಗುವಿನ ಪರೀಕ್ಷೆಯ ದಿನವನ್ನೂ ತಾಯಿ ಕಾರ್ಡಿನಲ್ಲಿ ವೈದ್ಯರಿಂದಲೇ ಬರೆಸಿಕೊಳ್ಳಬೇಕು. ತೊಟ್ಟಿಲು ಗಂಡನ ಮನೆಗೆ ಹೋಗುವಾಗ ಆ ಕಾರ್ಡೂ ಜೊತೆಯಲ್ಲಿ ಹೋಗಿ, ಆ ಊರಿನ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬೀಳಬೇಕು. ಎರಡನೆಯ ಅಥವಾ ಮೂರನೆಯ ಹೆರಿಗೆಯಲ್ಲಿ ಮೊದಲ ಬಾರಿಗೆ ಸೋಂಕು ತಿಳಿದುಬಂದ ತಾಯಂದಿರೂ ಇರುತ್ತಾರೆ. ಅಂಥವರು ತೊಟ್ಟಿಲಿನ ಕೂಸಿನೊಂದಿಗೆ, ಶಾಲೆಗೆ ಹೋಗುವ ದೊಡ್ಡ ಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯಬೇಕು.